ಮೂಗುತಿಯ ಜಾಗಕ್ಕೆ ಬಿದ್ದ ಎಲೆಕ್ಟ್ರಾನ್

ಜಗತ್ತಿನಲ್ಲಿ ತಲೆಯಾಡಿಸುವವರು ಇಲ್ಲದೇ ಹೋಗಿದ್ದರೆ ವಿದ್ವಾಂಸರ ಗತಿ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುವವರು, ಪ್ರವಚನದಲ್ಲಿ ಕಂಬಕ್ಕೆ ಒರಗಿ ಅರೆನಿದ್ದೆಯಲ್ಲೂ ತಲೆಯಾಡಿಸುವವರು, ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು "ನೋಡಿ, ಇಲ್ಲೇ ಇರೋದು" ಎಂದಾಗ ಬರೀ ಮೋಡದಂಥದ್ದು ಕಂಡರೂ "ಹೌದು ಹೌದು, ಕಾಣ್ತಾ ಇದೆ" ಎನ್ನುವವರು, ಇವರೆಲ್ಲ ಸೇರಿಯೇ ಜ್ಞಾನದ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿರುವುದು. ಹೇಳುವವರಿಗೆ ಹೇಳಿದ ತೃಪ್ತಿ, ಕೇಳುವವರಿಗೆ ಮುಗಿದ ತೃಪ್ತಿ. ನಾನೂ ಇದೇ ಪಂಗಡದವಳು. ನನಗೆ ಇದರಲ್ಲಿ ತರಬೇತಿ ಸಿಕ್ಕಿದ್ದು ಭದ್ರಾವತಿಯ ಕಾನ್ವೆಂಟಿನಲ್ಲಿ. ಪಾಠ ಮುಗಿದೊಡನೆ ನಮ್ಮ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ "ಅಂಡರ್‌ಸ್ಟುಡ್, ಗರ್ಲ್ಸ್?" ಎನ್ನುವರು. ಇಡೀ ತರಗತಿ ಒಂದೇ ರಾಗದಲ್ಲಿ "ಎಸ್, ಸಿಸ್ಟರ್" ಎನ್ನುವುದು. "ನೋ, ಸಿಸ್ಟರ್" ಎಂಬ ಉತ್ತರವನ್ನು ಅಲ್ಲಿ ಯಾರೂ ಕಂಡುಹಿಡಿದೇ ಇರಲಿಲ್ಲ. ಅರ್ಥವಾಗದ್ದನ್ನು ಏನು ಮಾಡುತ್ತಿದ್ದಿರಿ ಎಂದು ನೀವು ಕೇಳಬಹುದು. ಬಾಯಿಪಾಠ ಮಾಡುತ್ತಿದ್ದೆವು. ನದಿಗಳ ಉಪನದಿಗಳಿಂದ ಹಿಡಿದು ಮಹಾಯುದ್ಧದ ಕಾರಣಗಳವರೆಗೆ ನಾನು ಬಾಯಿಪಾಠ ಮಾಡದೇ ಬಿಟ್ಟದ್ದು ಯಾವುದೂ ಇಲ್ಲ. ಭೌತಶಾಸ್ತ್ರ ಮಾತ್ರ ನನ್ನ ಕೈಗೆ ಸಿಗಲಿಲ್ಲ. ನಾನು ಆರಿಸಿಕೊಂಡಿದ್ದು ಹೋಂ ಸೈನ್ಸ್. ಅದರಲ್ಲಿ ಕಟ್ಲೆಟ್ಟೂ ಹೆಮ್ಮಿಂಗ್ ಹೊಲಿಗೆಯೂ ಇದ್ದವೇ ಹೊರತು ಎಲೆಕ್ಟ್ರಾನ್ ಇರಲಿಲ್ಲ.

ಹೀಗೆ ಬಿಟ್ಟುಹೋದ ಭೌತಶಾಸ್ತ್ರ ನನ್ನನ್ನು ಹುಡುಕಿಕೊಂಡು ಬಂದು ಮದುವೆಯಾಯಿತು. ನಮ್ಮವರು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರು. ರವೀಂದ್ರನಗರದ ನಮ್ಮ ಮನೆಯಲ್ಲಿ ಬಹಳ ದಿನ ಫಿಸಿಕ್ಸು ಅವರ ಮೇಜಿನ ಮೇಲೆ ಮಾತ್ರ ಇತ್ತು, ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಎಂಬುದು ಮನೆಗೆ ಬಂತು. ಬಂದದ್ದು ಹಾಲಿನಲ್ಲಿ, ನಮ್ಮ ಅತ್ತೆ ಕೂತು ಬೀದಿ ನೋಡುತ್ತಿದ್ದ ಕಿಟಕಿಯ ಪಕ್ಕದಲ್ಲೇ ತಳವೂರಿತು. ಅತ್ತೆ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ, ಹೂವಿಟ್ಟು, "ಏನೋಪ್ಪಾ, ಬಂದಿದೀಯ, ಚೆನ್ನಾಗಿರು" ಎಂದು ಬರಮಾಡಿಕೊಂಡರು. ನಾನು ಕ್ರೋಶಾದಲ್ಲಿ ಅದಕ್ಕೊಂದು ಗವುಸು ಹೆಣೆದೆ. ಮೊಲದ ಚಿತ್ರದ್ದು. ಕೀಬೋರ್ಡಿಗೆ ಬೇರೆ, ಮೌಸಿಗೆ ಬೇರೆ. ನಮ್ಮವರು ಮೌಸಿನ ಗವುಸು ನೋಡಿ, "ಇದು ಅಂಗಿ ಹಾಕ್ಕೊಂಡು ಎಲ್ಲಿಗೆ ಹೋಗುತ್ತೆ ಮಾರಾಯ್ತಿ?" ಎಂದರು. ಬೇರೆ ಮನೆಗಳಲ್ಲಿ ಕಂಪ್ಯೂಟರು ಬಂದರೆ ಮಕ್ಕಳು ಆಟ ಆಡುತ್ತಾರಂತೆ. ನಮ್ಮ ಮನೆಯ ಕಂಪ್ಯೂಟರು ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿ ಇಡುವುದೊಂದನ್ನೇ ಕಲಿತಿತ್ತು. ಆ ವಿದ್ಯೆಯನ್ನು ಅದಕ್ಕೆ ಕಲಿಸಿದವರು ನಮ್ಮವರು. ತಿಂಗಳಾನುಗಟ್ಟಲೆ ಕೂತು ಪ್ರೋಗ್ರಾಂ ಬರೆದಿದ್ದರು.

ಆ ಚುಕ್ಕಿಗಳ ವಿಷಯವನ್ನು ನನಗೆ ಹೇಳಿದ ಹಾಗೆಯೇ ನಿಮಗೂ ಹೇಳಿಬಿಡುತ್ತೇನೆ. ಒಂದು ಕಾಂಪೌಂಡ್ ಗೋಡೆ, ಅದಕ್ಕೆ ಅಕ್ಕಪಕ್ಕದಲ್ಲಿ ಎರಡು ಗೇಟು ಎಂದಿಟ್ಟುಕೊಳ್ಳಿ. ಈ ಕಡೆಯಿಂದ ಬಟಾಣಿ ಎಸೆದರೆ ಕೆಲವು ಈ ಗೇಟಿನಿಂದ, ಕೆಲವು ಆ ಗೇಟಿನಿಂದ ತೂರಿ ಆಚೆ ಎರಡು ರಾಶಿ ಬೀಳುತ್ತವೆ. ಬಟಾಣಿಯ ಬದಲು ನೀರಿನ ಅಲೆ ಬಂದರೆ ಎರಡು ಗೇಟಿನಿಂದಲೂ ನುಗ್ಗಿ, ಆಚೆ ಒಂದನ್ನೊಂದು ಸೇರಿಕೊಂಡು, ಕೆಲವು ಕಡೆ ಎದ್ದು, ಕೆಲವು ಕಡೆ ಸುಮ್ಮನಾಗಿ, ಪಟ್ಟೆ ಪಟ್ಟೆಯಾಗುತ್ತದೆ. ಇಷ್ಟು ನನಗೂ ತಿಳಿಯಿತು. ಈಗ ಎಲೆಕ್ಟ್ರಾನ್ ಎಂಬುದನ್ನು ಒಂದೊಂದಾಗಿ ಕಳಿಸಿದರೆ, ಅದು ಆಚೆಯ ಗೋಡೆಯ ಮೇಲೆ ಬಟಾಣಿಯ ಹಾಗೆ ಒಂದೇ ಕಡೆ ಚುಕ್ಕಿಯಾಗಿ ಬೀಳುತ್ತದೆ. ಆದರೆ ಚುಕ್ಕಿಗಳು ಸಾವಿರಾರು ಕೂಡಿದ ಮೇಲೆ ನೋಡಿದರೆ ಎರಡು ರಾಶಿ ಇಲ್ಲ, ಪಟ್ಟೆ ಇದೆ! ಒಂಟಿಯಾಗಿ ಹೋದದ್ದು ಯಾರ ಜೊತೆ ಸೇರಿಕೊಂಡು ಪಟ್ಟೆಯಾಯಿತು? ಸಾಲದ್ದಕ್ಕೆ, ಯಾವ ಗೇಟಿನಿಂದ ಹೋಗುತ್ತದೆ ನೋಡೋಣವೆಂದು ಗೇಟಿಗೊಬ್ಬ ಕಾವಲುಗಾರನನ್ನು ಇಟ್ಟರೆ ಪಟ್ಟೆಯೇ ಮಾಯವಾಗಿ ಎರಡು ರಾಶಿಯಾಗುತ್ತದಂತೆ. ನಮ್ಮವರ ಪ್ರೋಗ್ರಾಂ ಈ ನಾಟಕವನ್ನೆಲ್ಲ ಪರದೆಯ ಮೇಲೆ ಆಡಿ ತೋರಿಸುತ್ತಿತ್ತು. 'ಟಿಕ್' ಎಂದು ಒಂದು ಚುಕ್ಕಿ, ಸ್ವಲ್ಪ ತಡೆದು ಇನ್ನೊಂದು. ಒಂದು ಗುಂಡಿ ಒತ್ತಿದರೆ ಕಾವಲುಗಾರ ಬರುತ್ತಿದ್ದ, ಇನ್ನೊಂದು ಒತ್ತಿದರೆ ರಜೆ ಹಾಕುತ್ತಿದ್ದ. ಮೊದಮೊದಲು ನಿಧಾನ, ಆಮೇಲೆ ಸೋನೆಯ ಹಾಗೆ ಸರಸರ ಬಿದ್ದು ಪಟ್ಟೆ ಮೂಡುತ್ತಿತ್ತು. ನಮ್ಮವರು ಮಾತ್ರ ಶುರುವನ್ನು ಒಂದು ದಿನವೂ ನೋಡುತ್ತಿರಲಿಲ್ಲ. ಗುಂಡಿ ಒತ್ತಿ, "ಮೊದಲನೇ ಚುಕ್ಕಿಗಳಲ್ಲಿ ಏನೂ ಇಲ್ಲ, ಸುಮ್ನೆ ಹೆಂಗೆಂಗೋ ಬೀಳ್ತವೆ" ಎಂದು ಅಡುಗೆಮನೆಗೆ ಬಂದು ಕಾಫಿ ಸುರಿದುಕೊಂಡು, ಪಟ್ಟೆ ಮೂಡುವ ಹೊತ್ತಿಗೆ ಲೋಟದೊಂದಿಗೆ ವಾಪಸಾಗುತ್ತಿದ್ದರು. ಅತ್ತೆ ಮಾತ್ರ ಪೂರ್ತಿ ನೋಡುತ್ತಿದ್ದರು. ಒಂದು ದಿನ, "ಪ್ರಭಾ, ಒಳಗೆ ಇರುವೆ ಸೇರ್ಕೊಂಡಿದಾವೆ ಕಣೇ, ಒಂಚೂರು ಅರಿಶಿನ ಹಾಕು" ಎಂದರು.

ನಾನು ಈ ಕಥೆಯೊಳಕ್ಕೆ ಬಂದದ್ದು 'ಸಾಮಾನ್ಯ ಜನ' ಎಂಬ ಹುದ್ದೆಯಲ್ಲಿ. ನಮ್ಮವರಿಗೆ ಇದನ್ನು ಸಾಮಾನ್ಯರಿಗೂ ಅರ್ಥವಾಗುವಂತೆ ಮಾಡಬೇಕೆಂಬ ಹಂಬಲ. ಮನೆಯಲ್ಲಿ ಖಾಲಿ ಕೂತ ಸಾಮಾನ್ಯ ಜನ ಎಂದರೆ ನಾನು. ಸಂಜೆಯ ಕಾಫಿಯಾದ ಮೇಲೆ, ಹುರುಳಿಕಾಯಿಯ ನಾರು ತೆಗೆಯುತ್ತ ನಾನು ಕುರ್ಚಿಯಲ್ಲಿ ಕೂರಬೇಕು, ಅವರು ದಿನಕ್ಕೊಂದು ವ್ಯಾಖ್ಯಾನ ಹೇಳಬೇಕು. ಏಕೆಂದರೆ ಪಟ್ಟೆ ಬರುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಜಗಳವಿಲ್ಲ, ಅದರ ಅರ್ಥವೇನು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಪಕ್ಷ. ಮೊದಲನೆಯ ಪಕ್ಷದವರ ಪ್ರಕಾರ, ನೋಡುವ ತನಕ ಎಲೆಕ್ಟ್ರಾನ್ 'ಇಲ್ಲಿದೆ' ಎಂದು ಹೇಳುವುದೇ ತಪ್ಪು, ನೋಡಿದಾಗಲೇ ಅದಕ್ಕೊಂದು ಜಾಗ. ಇದು ನನಗೆ ನಮ್ಮವರ ಕನ್ನಡಕದ ವಿಷಯದಲ್ಲಿ ಚೆನ್ನಾಗಿ ಗೊತ್ತಿದ್ದದ್ದೇ. ಎರಡನೆಯ ಪಕ್ಷದವರು, ಪ್ರತಿ ಸಲವೂ ಜಗತ್ತೇ ಕವಲೊಡೆದು, ಒಂದರಲ್ಲಿ ಈ ಗೇಟು, ಇನ್ನೊಂದರಲ್ಲಿ ಆ ಗೇಟು, ಎಲ್ಲವೂ ಬೇರೆ ಬೇರೆಯಾಗಿ ನಡೆಯುತ್ತಿವೆ ಎನ್ನುತ್ತಾರೆ. "ನಾವು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಿದ್ವಲ್ಲ, ಒಂದು ಜಗತ್ತಲ್ಲಿ ಸಿಂಹ ಮಲಗಿತ್ತು, ಇನ್ನೊಂದರಲ್ಲಿ ಎದ್ದು ವ್ಯಾನಿನ ಹತ್ರ ಬಂದು ಘರ್ಜಿಸ್ತು" ಎಂದು ಇವರು ಬಿಡಿಸಿ ಹೇಳಿದರು. ನಾನು ಹೋದ ಜಗತ್ತಿನಲ್ಲೆಲ್ಲ ಅದು ಮಲಗಿಯೇ ಇತ್ತು. ಅತ್ತೆಗೆ ಮಾತ್ರ ಈ ಪಕ್ಷ ಹಿಡಿಸಿಬಿಟ್ಟಿತು. ಅವರಿಗೆ ಚಿಕ್ಕವಯಸ್ಸಿನಲ್ಲಿ ನವುಲೆಯ ಕಡೆಯ ಒಂದು ಸಂಬಂಧ ಕೈತಪ್ಪಿತ್ತಂತೆ. "ಹಂಗಾದ್ರೆ ಅಲ್ಲಿ ನಾನು ನವುಲೆಯೋರ ಸೊಸೆ ಆಗಿದೀನಿ ಅನ್ನು. ಪಾಪ, ಅಲ್ಲೂ ಬೆಳಿಗ್ಗೆ ಎದ್ದು ರೊಟ್ಟಿ ತಟ್ತಿರ್ಬೇಕು" ಎಂದು ಆ ಜಗತ್ತಿನ ತಮಗಾಗಿ ತಾವೇ ನಿಟ್ಟುಸಿರಿಟ್ಟರು. ಮೂರನೆಯ ಪಕ್ಷ, ಎಲೆಕ್ಟ್ರಾನ್ ಹೋಗುವುದು ಒಂದೇ ಗೇಟಿನಿಂದ, ಆದರೆ ಅದರ ಮುಂದೆ ಒಂದು ಅಲೆ ಹೋಗಿ ದಾರಿ ತೋರಿಸುತ್ತದೆ ಎನ್ನುವುದು. ಅತ್ತೆ ತರಕಾರಿ ಮಾರ್ಕೆಟ್ಟಿಗೆ ಹೋಗುವಾಗ ಅವರಿಗಿಂತ ಮುಂಚೆ ಅವರ ಖ್ಯಾತಿ ಹೋಗಿ, ಅವರು ಅಂಗಡಿ ತಲುಪುವಷ್ಟರಲ್ಲಿ ಬಾಡಿದ ಬದನೆಕಾಯಿ ಬುಟ್ಟಿಯ ತಳಕ್ಕೆ ಇಳಿದಿರುತ್ತದಲ್ಲ, ಹಾಗಿರಬೇಕು ಎಂದುಕೊಂಡೆ. ಪ್ರತಿ ಪಕ್ಷವೂ ಹೇಳುವಾಗ ಪೂರ್ತಿ ಸರಿ ಎನಿಸುತ್ತಿತ್ತು, ನಾರು ಬುಟ್ಟಿಗೆ ಹಾಕಿ ಏಳುವಷ್ಟರಲ್ಲಿ ಎಲ್ಲವೂ ಕಲಸಿಹೋಗುತ್ತಿತ್ತು. "ಅರ್ಥ ಆಯ್ತಾ?" ಎನ್ನುವರು. "ಚೆನ್ನಾಗಿ ಆಯ್ತು ರೀ" ಎನ್ನುವೆ. ಆಗ ಅವರ ಮುಖದಲ್ಲಿ ಮೂಡುವ ಬೆಳಕು ನೋಡಿದ್ದರೆ ನೀವೂ ಇನ್ನೇನೂ ಹೇಳುತ್ತಿರಲಿಲ್ಲ.

ಹೀಗೇ ನೆಮ್ಮದಿಯಾಗಿ ನಡೆದುಹೋಗುತ್ತಿತ್ತು. ನಡೆಯಲು ಬಿಡದವರು ರುದ್ರಪ್ಪ ಮೇಷ್ಟ್ರು. ನಮ್ಮವರಿಗೆ ಕಾಲೇಜಿನಲ್ಲಿ ಪಾಠ ಹೇಳಿದ ಗುರುಗಳು. ನಿವೃತ್ತರಾಗಿ ಭದ್ರಾವತಿಯ ಜನ್ನಾಪುರದಲ್ಲಿದ್ದರು. ನಮ್ಮವರ ಓದಿನ ದಿನಗಳಲ್ಲಿ ಒಮ್ಮೆ ತರಗತಿಯಲ್ಲೇ, "ನೀನು ಲೆಕ್ಕ ಚೆನ್ನಾಗಿ ಮಾಡ್ತೀಯ, ವಿಷಯ ನಿನ್ನ ತಲೆಗೆ ಇಳಿದಿಲ್ಲ" ಎಂದಿದ್ದರಂತೆ. ಆ ಮಾತು ಇವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಈ ಪ್ರೋಗ್ರಾಂ ಬರೆದದ್ದೇ ಅರ್ಧ ಅದಕ್ಕಾಗಿ ಎಂದು ನನ್ನ ಗುಮಾನಿ. ಆ ವರ್ಷ ಭದ್ರಾವತಿಯಲ್ಲಿ ಸುತ್ತಮುತ್ತಲಿನ ಫಿಸಿಕ್ಸ್ ಲೆಕ್ಚರರುಗಳ ಒಂದು ಸಭೆ ಇತ್ತು. ಅಧ್ಯಕ್ಷರು ಮೇಷ್ಟ್ರು. ಅಲ್ಲಿ ತಮ್ಮ ಪಟ್ಟೆಗಳನ್ನು ತೋರಿಸಬೇಕೆಂದು ಇವರು ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತು ಬಟ್ಟೆ ಮಡಿಸುತ್ತಿದ್ದೆ. ಇವರು ಉತ್ಸಾಹದಲ್ಲಿ, "ಸರ್, ಎಷ್ಟು ಸುಲಭವಾಗಿ ಮಾಡಿದೀನಿ ಅಂದ್ರೆ, ನಮ್ಮ ಮನೆಯವಳಿಗೂ ಪೂರ್ತಿ ಅರ್ಥ ಆಗಿದೆ. ಅವಳು ಹೋಂ ಸೈನ್ಸ್ ಓದಿದೋಳು" ಎಂದುಬಿಟ್ಟರು. ಆ ಕಡೆಯಿಂದ ಮೇಷ್ಟ್ರ ದನಿ ರಿಸೀವರಿನಿಂದಾಚೆಗೂ ಕೇಳಿಸುತ್ತಿತ್ತು. "ಹೌದೇನಯ್ಯಾ? ನನಗೇ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ಹಂಗಾದ್ರೆ ಒಂದು ಕೆಲಸ ಮಾಡು. ಬರೋ ಭಾನುವಾರ ಕಂಪ್ಯೂಟರೂ ತಗೊಂಡು ಬಾ, ಅವರನ್ನೂ ಕರ್ಕೊಂಡು ಬಾ. ನೀನು ಬಾಯಿ ಮುಚ್ಕೊಂಡು ಕೂತ್ಕೋ, ಅವರು ಹೇಳ್ಲಿ. ನನಗೆ ಒಪ್ಪಿಗೆ ಆದ್ರೆ ಸಭೇಲಿ ತೋರ್ಸು. ಇಲ್ಲಾಂದ್ರೆ ಬೇಡ." ಇವರು ಫೋನಿಟ್ಟು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಎಳ್ಳಷ್ಟೂ ಸಂಶಯವಿಲ್ಲ. "ಹೇಳ್ತೀಯಲ್ಲ?" ಎಂದರು. ನನ್ನ ಕೈಯಲ್ಲಿದ್ದ ದುಪ್ಪಟ್ಟಿ ಜಾರಿತು. ಬಾಯಿ ಮಾತ್ರ ತನ್ನ ಅಭ್ಯಾಸದಂತೆ, "ಹೇಳ್ತೀನಿ ರೀ" ಎಂದಿತು.

ಆ ವಾರ ನಾನು ಪಟ್ಟ ಪಾಡು ಮೆಟ್ರಿಕ್ ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ. ಇಷ್ಟು ದಿನವೂ ಅರ್ಥವಾಗಿತ್ತೆಂದು ಹೇಳಿ ಈಗ ಇಲ್ಲವೆಂದರೆ, ಇವರು ಮೇಷ್ಟ್ರ ಮುಂದೆ ಸುಳ್ಳುಗಾರರಾಗುತ್ತಾರೆ, ನನ್ನ ಮುಂದೆ ಪೆಚ್ಚಾಗುತ್ತಾರೆ. ಉಳಿದದ್ದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಇವರು ಕಾಲೇಜಿಗೆ ಹೋದ ಮೇಲೆ, ಕರೆಂಟು ಇರುವ ಹೊತ್ತು ನೋಡಿಕೊಂಡು, ಮೊಲದ ಗವುಸು ತೆಗೆದು, ಕಂಪ್ಯೂಟರು ಹಚ್ಚಿ ಪಾಠಕ್ಕೆ ಕೂತೆ. ಇವರ ವಿವರಣೆ ತಲೆಗೆ ಹತ್ತದಿದ್ದರೇನಂತೆ, ಪರದೆಯ ಮೇಲೆ ಆಗುವುದನ್ನಾದರೂ ಒಂದೂ ಬಿಡದೆ ಕಲಿಯೋಣ ಎಂದು ತೀರ್ಮಾನಿಸಿದೆ. ಮೊದಲ ಚುಕ್ಕಿ ಎಡಗಡೆ, ಸ್ವಲ್ಪ ಅಂಚಿಗೆ ಬಿತ್ತು. ಎರಡನೆಯದು ಮಧ್ಯಕ್ಕೆ, ಒಂಚೂರು ಬಲಕ್ಕೆ. ಆಮೇಲೆ ಕೆಳಗೆ. ಆಮೇಲೆ ನೆತ್ತಿಯ ಹತ್ತಿರ. ಮರುದಿನ ಹಚ್ಚಿದಾಗ ನೋಡುತ್ತೇನೆ, ಅದೇ ಎಡಗಡೆ, ಅದೇ ಮಧ್ಯ, ಅದೇ ಕೆಳಗೆ! ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಪುಸ್ತಕ ತೆರೆದಾಗಲೆಲ್ಲ ಮೊದಲ ಪುಟದಲ್ಲಿ ಅದೇ ಪಾಠ ಇರುವುದಿಲ್ಲವೇ? ಇದೂ ಹಾಗೇ ಎಂದುಕೊಂಡೆ. ಬಾಯಿಪಾಠಕ್ಕೆ ಅನುಕೂಲವಾಗಲೆಂದು ಆ ಪರದೆಯನ್ನು ಒಂದು ಹೆಣ್ಣಿನ ಮುಖವೆಂದು ಎಣಿಸಿಕೊಂಡೆ. ಮೊದಲ ಚುಕ್ಕಿ ಕಿವಿಯೋಲೆ. ಎರಡನೆಯದು ಮೂಗುತಿ. ಮೂರನೆಯದು ಗಲ್ಲದ ಮೇಲೆ ದೃಷ್ಟಿಬೊಟ್ಟು. ಆಮೇಲೆ ಬೈತಲೆಬೊಟ್ಟು. ಆಮೇಲೆ ಆ ಕಡೆಯ ಜುಮುಕಿ. ಹೀಗೆ ಒಂದೊಂದೇ ಒಡವೆ ತೊಡಿಸುತ್ತ ಬಂದರೆ ಸುಮಾರು ದೂರದವರೆಗೂ ಒಂದೂ ತಪ್ಪದೆ ಹೇಳುವಂತಾಯಿತು. ಅತ್ತೆ ನನ್ನ ಪಕ್ಕ ಕೂತು, "ಈಗ ಮೂಗುತಿ, ಈಗ ದೃಷ್ಟಿಬೊಟ್ಟು" ಎಂದು ತಾವೂ ಕಲಿತುಬಿಟ್ಟರು. ಇರುವೆಗಳಲ್ಲ ಎಂಬುದು ಅವರಿಗೆ ಖಾತ್ರಿಯಾದದ್ದು ಆಗಲೇ. ಇವರಿಗೆ ಇದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಪ್ರೋಗ್ರಾಂ ಬರೆದವರು ಅವರು. ಅದರೊಳಗೆ ಎಲ್ಲಿ ಏನಿದೆಯೆಂದು ಅವರಿಗೆ ನಾನು ಹೇಳುವುದೇ?

ಭಾನುವಾರ ಒಂದು ಬಾಡಿಗೆ ಕಾರಿನಲ್ಲಿ ಹೊರಟೆವು. ಡಬ್ಬಿಯಂಥದ್ದನ್ನು ಹಿಂದೆ ಇಟ್ಟಾಯಿತು. ಗಾಜಿನ ಮಾನಿಟರನ್ನು ಮಾತ್ರ ಇವರು ಡಿಕ್ಕಿಗೆ ಹಾಕಲು ಒಪ್ಪಲಿಲ್ಲ. ಅದನ್ನು ಕೌದಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಕೂರಿಸಿದರು. ಅದು ಎಂಥ ಭಾರ ಅಂತೀರಿ! ಹಳ್ಳ ಬಂದಾಗಲೆಲ್ಲ ನಾನು ಅದನ್ನು ಎದೆಗೆ ಅವಚಿಕೊಳ್ಳುವೆ. ಡ್ರೈವರು ಕನ್ನಡಿಯಲ್ಲಿ ನೋಡಿ ನೋಡಿ, "ಅಮ್ಮಾ, ಬಾಣಂತಿ ಕೂಡ ಇಷ್ಟು ಜೋಪಾನ ಮಾಡಲ್ಲ ಬಿಡಿ" ಎಂದ. ನಾನು ಒಳಗೊಳಗೇ "ಕಿವಿಯೋಲೆ, ಮೂಗುತಿ, ದೃಷ್ಟಿಬೊಟ್ಟು" ಎಂದು ಜಪಿಸುತ್ತಿದ್ದೆ. ಇವರು ಕಿಟಕಿಯಾಚೆ ನೋಡುತ್ತ ಬೆರಳು ಮುರಿದುಕೊಳ್ಳುತ್ತಿದ್ದರು. ಇಷ್ಟು ವಯಸ್ಸಾಗಿ, ತಾವೇ ನೂರಾರು ಹುಡುಗರಿಗೆ ಮೇಷ್ಟ್ರಾಗಿ, ಇನ್ನೂ ಮೇಷ್ಟ್ರೆಂದರೆ ಹೆದರುವುದೇ ಎಂದು ಕನಿಕರವಾಯಿತು. ಊರು ಹತ್ತಿರವಾದಂತೆ ಕಾರ್ಖಾನೆಯ ಹೊಗೆ ಕಂಡಿತು. ನಾನು ಹುಟ್ಟಿ ಬೆಳೆದ ಊರು. ಬೇರೆ ದಿನವಾಗಿದ್ದರೆ ಪಕ್ಕದ ಮನೆಯ ತಮಿಳಿನ ಅಕ್ಕ ಕೊಡುತ್ತಿದ್ದ ಮುರುಕ್ಕು ನೆನಪಾಗುತ್ತಿತ್ತು. ಅವತ್ತು ಮುರುಕ್ಕಿನ ಸುರುಳಿಯಲ್ಲೂ ಚುಕ್ಕಿಯೇ ಕಂಡಿತು.

ಮೇಷ್ಟ್ರು ಮೊಣಕಾಲಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಹಾಲಿನಲ್ಲಿ ಕೂತಿದ್ದರು. ಎಣಿಸಿದಷ್ಟು ಭಯಂಕರರಲ್ಲ, ಸಣ್ಣ ಆಳು, ಹಣೆಯ ತುಂಬ ವಿಭೂತಿ, ನಗುವ ಕಣ್ಣು. ಅವರ ಹೆಂಡತಿ ಗಿರಿಜಮ್ಮನವರು ಹೊಲಿಗೆ ಮಿಷನ್ನಿನ ಮೇಜು ಖಾಲಿ ಮಾಡಿಕೊಟ್ಟು, ಒಗ್ಗರಣೆ ಮಂಡಕ್ಕಿಯ ತಟ್ಟೆ, ಕಾಫಿ ತಂದಿಟ್ಟು, ತಾವೂ ಕೂತರು. ಇವರು ವೈರು ಜೋಡಿಸಿ, ಬೆವರು ಒರೆಸಿಕೊಂಡು, ಬಾಯಿ ಮುಚ್ಚಿಕೊಂಡಿರಬೇಕೆಂಬ ಅಪ್ಪಣೆಯನ್ನು ಮರೆತು ಶುರು ಮಾಡಿಯೇಬಿಟ್ಟರು. "ಸರ್, ಇದರಲ್ಲಿ ಮುಖ್ಯವಾದ್ದು ಒಂದೇ. ಮುಂದಿನ ಚುಕ್ಕಿ ಎಲ್ಲಿ ಬೀಳುತ್ತೆ ಅಂತ ಈ ಭೂಮಿ ಮೇಲೆ ಯಾರೂ ಹೇಳಕ್ಕಾಗಲ್ಲ. ಪಟ್ಟೆ ಬರುತ್ತೆ ಅಂತ ಹೇಳ್ಬಹುದು, ಚುಕ್ಕಿ ಮಾತ್ರ ಯಾರ ಕೈಗೂ ಸಿಗಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಏನಮ್ಮಾ, ಹಂಗಂತಾರಲ್ಲ ನಿಮ್ಮ ಯಜಮಾನ್ರು. ನೀನೇನಂತೀಯ?"

ನನಗೆ ಎದೆ ಹಗುರವಾಯಿತು. ಇವರು ಬೇಕೆಂದೇ ನನಗೆ ದಾರಿ ಮಾಡಿಕೊಟ್ಟಿದ್ದಾರೆ, ಜಾದೂಗಾರರು ಮೊದಲು 'ಇದು ಅಸಾಧ್ಯ' ಎಂದು ಹೇಳಿ ಆಮೇಲೆ ಹೆಂಡತಿಯ ಕೈಯಲ್ಲಿ ಮಾಡಿಸುವುದಿಲ್ಲವೇ, ಹಾಗೆ ಎಂದುಕೊಂಡೆ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಗಾಜಿನ ಎಡ ಅಂಚಿನಲ್ಲಿ ಬೆರಳಿಟ್ಟು, "ಮೊದಲು ಇಲ್ಲಿ ಸರ್, ಕಿವಿಯೋಲೆ" ಎಂದೆ. ಇವರು ಗುಂಡಿ ಒತ್ತಿದರು. ಟಿಕ್. ನನ್ನ ಬೆರಳಿನ ತುದಿಯಲ್ಲೇ ಬಿತ್ತು. "ಈಗ ಮೂಗುತಿ." ಟಿಕ್. "ಈಗ ದೃಷ್ಟಿಬೊಟ್ಟು." ಟಿಕ್. "ಈಗ ಬೈತಲೆಬೊಟ್ಟು." ಗಿರಿಜಮ್ಮನವರು ಮಂಡಕ್ಕಿ ಹಿಡಿದ ಕೈಯನ್ನು ಕೆನ್ನೆಗೆ ತಂದು, "ಅಯ್ಯೋ ಶಿವನೇ! ಏನ್ರೀ ಇದು, ಇವಳು ಹೇಳಿದ ಕಡೆಗೇ ಬೀಳ್ತದಲ್ರೀ!" ಎಂದರು. ನಾನು ಇವರ ಕಡೆ ಹೆಮ್ಮೆಯಿಂದ ನೋಡಿದೆ. ಇವರ ಕಾಫಿ ಲೋಟ ತುಟಿಗೂ ತಟ್ಟೆಗೂ ನಡುವೆ ಎಲ್ಲೋ ನಿಂತುಹೋಗಿತ್ತು. ಮುಖ ಸುಣ್ಣ ಬಳಿದಂತಾಗಿತ್ತು.

"ಇನ್ನೊಂದು ಸಲ ಹಚ್ಚು" ಎಂದರು ಮೇಷ್ಟ್ರು, ಕುರ್ಚಿಯ ಅಂಚಿಗೆ ಬಂದು. ಇನ್ನೊಂದು ಸಲ ಹಚ್ಚಿದರು. ಕಿವಿಯೋಲೆ, ಮೂಗುತಿ, ದೃಷ್ಟಿಬೊಟ್ಟು. ಮೇಷ್ಟ್ರು ಮೊದಲು ಕೆಮ್ಮಿದರು ಎಂದುಕೊಂಡೆ. ಕೆಮ್ಮಲ್ಲ, ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯೋ ಮಾರಾಯ, ಎಲೆ ಕಲಸದೇ ಆಟಕ್ಕೆ ಹಂಚಿದೀಯಲ್ಲೋ!" ಎಂದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಕಂಪ್ಯೂಟರಿಗೆ ತಾನಾಗಿ ಅಡ್ಡಾದಿಡ್ಡಿ ಸಂಖ್ಯೆ ಹೇಳಲು ಬರುವುದಿಲ್ಲವಂತೆ. ಅದರೊಳಗೆ ಇಸ್ಪೀಟಿನ ಕಟ್ಟಿನ ಹಾಗೆ ಒಂದು ಜೋಡಿಸಿಟ್ಟ ಸಾಲು ಇರುತ್ತದೆ. ಪ್ರತಿ ಸಲ ಶುರು ಮಾಡುವ ಮುಂಚೆ ಕಲಸು ಎಂದು ಒಂದು ಸಾಲು ಬರೆಯಬೇಕು. ಬರೆಯದಿದ್ದರೆ ಅದು ದಿನವೂ ಅದೇ ಎಲೆಯಿಂದ ಹಂಚಲು ಶುರು ಮಾಡುತ್ತದೆ. ಆ ಒಂದು ಸಾಲನ್ನು ನಮ್ಮವರು ಬರೆದಿರಲಿಲ್ಲ. ಶುರುವಿನ ಹೊತ್ತಿಗೆ ಕಾಫಿಗೆ ಹೋಗುತ್ತಿದ್ದವರಿಗೆ ಅದು ಗೊತ್ತಾಗುವುದಾದರೂ ಹೇಗೆ? ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಯಾರೂ ಹೇಳಲಾಗದು ಎಂಬುದನ್ನು ತೋರಿಸಲು ಗಂಡ ತಿಂಗಳಾನುಗಟ್ಟಲೆ ದುಡಿದರೆ, ಹೆಂಡತಿಯಾದ ನಾನು ಸೆರಗು ಸಿಕ್ಕಿಸಿಕೊಂಡು ನಿಂತು ಒಂದೊಂದಾಗಿ ಹೇಳಿಬಿಟ್ಟಿದ್ದೆ.

"ಬೇಜಾರು ಮಾಡ್ಕೋಬೇಡಮ್ಮಾ" ಎಂದರು ಮೇಷ್ಟ್ರು. "ನೀನು ಹೇಳಿದ್ದೂ ಒಂದು ಪಕ್ಷವೇ. ಎಲ್ಲಾ ಮೊದಲೇ ನಿಗದಿಯಾಗಿದೆ, ನಮಗೆ ಕಾಣದು ಅಷ್ಟೇ ಅನ್ನೋ ದೊಡ್ಡ ದೊಡ್ಡೋರು ಇದ್ದಾರೆ. ನಿನ್ನ ಗಂಡನ ಡಬ್ಬೀಲಿ ಅದು ನಿಜ. ದೇವರ ಡಬ್ಬೀಲಿ ಹೆಂಗೋ, ಅದೇ ಜಗಳ. ಅದಿರ್ಲಿ, ಈಗ ಹೇಳು, ಒಂದೊಂದೇ ಬಿದ್ದ ಚುಕ್ಕಿ ಪಟ್ಟೆ ಯಾಕಾಗುತ್ತೆ?"

ಬಾಯಿಪಾಠ ಮುಗಿದಿತ್ತು. ಗಿರಿಜಮ್ಮನವರು ಆಸೆಯಿಂದ ನನ್ನನ್ನೇ ನೋಡುತ್ತಿದ್ದರು. "ಅರ್ಥ ಆಗಿದೆ ಸರ್... ಹೇಳಕ್ಕೆ ಬರಲ್ಲ" ಎಂದೆ.

"ಭೇಷ್!" ಎಂದರು ಮೇಷ್ಟ್ರು. "ನಮ್ಮ ಫಿಸಿಕ್ಸಿನೋರೆಲ್ಲ ನಲವತ್ತು ವರ್ಷ ಪಾಠ ಮಾಡಿ ರಿಟೈರಾಗೋದೇ ಹಂಗೆ." ಆಮೇಲೆ ಇವರ ಕಡೆ ತಿರುಗಿ, "ಎಲೆ ಕಲಸ್ಕೊಂಡು ಸಭೆಗೆ ತಗೊಂಡು ಬಾ. ಇವರನ್ನೂ ಕರ್ಕೊಂಡು ಬಾ. ಇವರಿಲ್ದೇ ನಿನ್ನ ಪ್ರೋಗ್ರಾಂ ನಾನು ನಂಬಲ್ಲ" ಎಂದರು.

ವಾಪಸು ಹೊರಟೆವು. ಮಾನಿಟರು ಮತ್ತೆ ನನ್ನ ತೊಡೆಯ ಮೇಲೆ. ಅದು ಹೋಗುವಾಗಿನದಕ್ಕಿಂತ ಭಾರವಾಗಿತ್ತು. ಅರ್ಧ ದಾರಿಯಲ್ಲಿ ಇವರು, "ಮುಂಚೇನೇ ಹೇಳ್ಬಾರ್ದಿತ್ತೇನೇ ನೀನು?" ಎಂದರು. "ಬರೆದೋರು ನೀವು. ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು?" ಎಂದೆ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಅಮ್ಮಂಗೂ ಗೊತ್ತಿತ್ತಾ?" ಎಂದರು. "ಜುಮುಕಿ ತನಕ" ಎಂದೆ. ಇವರ ಭುಜ ಅಲುಗಿತು. ಅಳುತ್ತಿದ್ದಾರೋ ಏನೋ ಎಂದು ನನಗೆ ಜೀವ ಹಾರಿತು. ನೋಡಿದರೆ ನಗುತ್ತಿದ್ದರು. ಡ್ರೈವರನಿಗೆ ಏನೂ ತಿಳಿಯದಿದ್ದರೂ ಅವನೂ ನಕ್ಕ. ಮನೆಗೆ ಬಂದವರೇ ಬಟ್ಟೆಯನ್ನೂ ಬದಲಿಸದೆ ಆ ಒಂದು ಸಾಲು ಸೇರಿಸಿ ಪ್ರೋಗ್ರಾಂ ಹಚ್ಚಿದರು. ಕಿವಿಯೋಲೆ ಹೋಗಿ ಹಣೆಗೆ ಬಿತ್ತು, ಮೂಗುತಿ ಎಲ್ಲೋ ಕತ್ತಿನ ಹತ್ತಿರ. ಅತ್ತೆಗೆ ಸಿಟ್ಟು ಬಂತು. "ಚೆನ್ನಾಗಿದ್ದ ಮುಖಾನ ಹಾಳು ಮಾಡಿಟ್ಟೆ ನೋಡು" ಎಂದು ಎದ್ದುಹೋದರು.

ಸಭೆಯ ದಿನ ಮಾನಿಟರಿನ ಸುತ್ತ ಲೆಕ್ಚರರುಗಳು ಜೇನಿನ ಹಾಗೆ ಮುತ್ತಿದ್ದರು. ಮೇಷ್ಟ್ರು ನನ್ನನ್ನು ಬಿಡದೆ ಮುಂದೆ ಕೂರಿಸಿಕೊಂಡು, ಭದ್ರಾವತಿಗೆ ಭದ್ರಾವತಿಯೇ ಕೇಳುವ ದನಿಯಲ್ಲಿ ಕಿವಿಯೋಲೆಯ ಕಥೆ ಹೇಳಿದರು. ಆಮೇಲೆ, "ನೋಡಿ, ಅವತ್ತು ಒಂದೂ ತಪ್ಪದೆ ಹೇಳಿದ ತಾಯಿ ಇವರೇ. ಇವತ್ತು ಹೇಳಲಿ. ಹೇಳಮ್ಮಾ" ಎಂದರು. ನಾನು ತೋರಿಸಿದೆ, ಚುಕ್ಕಿ ಇನ್ನೆಲ್ಲೋ ಬಿತ್ತು. ಮತ್ತೆ ತೋರಿಸಿದೆ, ಮತ್ತೆ ಇನ್ನೆಲ್ಲೋ. ನಾನು ತಪ್ಪಿದಷ್ಟೂ ನಮ್ಮವರ ಮುಖ ಅರಳುತ್ತಿತ್ತು. ಸಂಸಾರ ಶುರುವಾದಾಗಿನಿಂದ ನನ್ನ ತಪ್ಪುಗಳು ಅವರಿಗೆ ಇಷ್ಟು ಸಂತೋಷ ಕೊಟ್ಟದ್ದೇ ಇಲ್ಲ. ಜನ ಚಪ್ಪಾಳೆ ಬೇರೆ ತಟ್ಟಿದರು. ಚುಕ್ಕಿಗಳು ಸುರಿದು ಪಟ್ಟೆಗಳು ಮೂಡಿದವು. ಮೂಡಿದ ಮೇಲೆ ಇವರು ವೇಗ ಇಳಿಸಿ, ಮತ್ತೆ ಒಂದೊಂದೇ ಬೀಳುವಂತೆ ಮಾಡಿ, "ಈಗಲೂ ಅಷ್ಟೇ, ಯಾರೂ ಹೇಳಕ್ಕಾಗಲ್ಲ" ಎಂದು ಮುಗಿಸುವುದರಲ್ಲಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಎಲ್ಲಕ್ಕಿಂತ ದಟ್ಟವಾಗಿದ್ದ ಪಟ್ಟೆಯ ನಡುವೆ ಬೆರಳಿಟ್ಟೆ. ಟಿಕ್. ಬೆರಳಿನ ಪಕ್ಕದಲ್ಲೇ ಬಿತ್ತು. ನಮ್ಮವರು ಗಡಬಡಿಸಿ ಕೀಬೋರ್ಡಿನ ಕಡೆ ಬಗ್ಗಿದರು, ಆ ಒಂದು ಸಾಲು ಅಳಿಸಿಹೋಗಿದೆಯೋ ಏನೋ ಎಂದು.

"ಹೆಂಗಮ್ಮಾ ಗೊತ್ತಾಯ್ತು?" ಎಂದರು ಮೇಷ್ಟ್ರು.

"ಮುಂಚೆಯಿಂದ ಜನ ತುಂಬ ಇರೋ ಕಡೆಗೇ ಅಲ್ವಾ ಸರ್, ಆಮೇಲೆ ಬರೋರೂ ಬರೋದು?" ಎಂದೆ.

ಮೇಷ್ಟ್ರು ಕಣ್ಣು ಮುಚ್ಚಿ, ಪರೀಕ್ಷೆಯ ಹಾಳೆಗೆ ಅಂಕ ಕೊಡುವವರ ಹಾಗೆ ಸ್ವಲ್ಪ ಹೊತ್ತು ಯೋಚಿಸಿದರು. "ಒಂದು ಚುಕ್ಕಿಗೆ ಇನ್ನೊಂದರ ಗುರುತೇ ಇಲ್ಲ ತಾಯಿ. ಆದ್ರೂ ಬೀಳೋದು ಹೆಚ್ಚಾಗಿ ಅಲ್ಲೇ. ಉತ್ತರ ಸರಿ, ಕಾರಣ ಪೂರ್ತಿ ತಪ್ಪು" ಎಂದರು. ಎಲ್ಲರೂ ನಕ್ಕರು, ನಮ್ಮವರೂ ನೆಟ್ಟಗಾಗಿ ನಿಂತು ನಕ್ಕರು. ಮೇಷ್ಟ್ರು ಅವರ ಬೆನ್ನ ಮೇಲೆ ಕೈಯಿಟ್ಟು, "ಈಗ ತಲೆಗೆ ಇಳಿದಿದೆ ಕಣೋ" ಎಂದಾಗ ಇವರು ಕನ್ನಡಕ ತೆಗೆದು ಸುಮ್ಮಸುಮ್ಮನೆ ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದವಳಂತಿದ್ದೆ.

'ಉತ್ತರ ಸರಿ, ಕಾರಣ ತಪ್ಪು' ಎಂಬ ಮೇಷ್ಟ್ರ ಮಾತಿನಿಂದ ನನಗೇನೂ ಬೇಸರವಾಗಲಿಲ್ಲ. ಊಟದ ಪಂಕ್ತಿಯಲ್ಲಿ ಕೂತು ಯೋಚಿಸಿ ನೋಡಿದರೆ, ಅಂಥ ಅಂಕಪಟ್ಟಿ ನನಗೆ ಹೊಸದೂ ಅಲ್ಲ. ನಮ್ಮವರು ನನ್ನನ್ನು ನೋಡಲು ಬಂದ ದಿನ ನಾನು ಬಾಗಿಲ ಸಂದಿನಿಂದ ಇಣುಕಿದ್ದೆ. ಷರ್ಟಿನ ಕಾಲರು ಎಷ್ಟು ಅಚ್ಚುಕಟ್ಟಾಗಿ ಇಸ್ತ್ರಿಯಾಗಿತ್ತು ಎಂದರೆ, ಇಂಥ ಶಿಸ್ತಿನ ಮನುಷ್ಯ ಬೇರೆ ಸಿಗುವುದಿಲ್ಲವೆಂದು ಅಮ್ಮನಿಗೆ ಆಗಲೇ 'ಹೂಂ' ಎಂದಿದ್ದೆ. ಆ ಷರ್ಟು ಅವರ ಭಾವನದು ಎಂದು ಗೊತ್ತಾದದ್ದು ಮದುವೆಯಾದ ಮೇಲೆ.